ಮಡುವಿನ ಮೇಲೆ ನಿಂತ ಹರಿಗೋಲು

"ನೀನು ಬ್ಯಾಡ ಕಣಣ್ಣ, ಬ್ಯಾರೇರು ಇಡ್ಕಳ್ಳಿ," ಎಂದ ಹೆಣ ಎತ್ತಲು ಮುಳುಗು ಹಾಕುವ ಚಲುವಯ್ಯ, ಸೊಂಟದ ಪಂಚೆ ಬಿಗಿಯುತ್ತ.

"ಬೆಳಿಗ್ಗೆ ಇಬ್ರು ಇಡ್ದ್ರಲ್ಲ, ಏನಾಯ್ತು?" ಕುಳ್ಳಯ್ಯ ಹರಿಗೋಲಿನ ಹುಟ್ಟು ಬಿಟ್ಟುಕೊಡಲಿಲ್ಲ.

ಆಗಿದ್ದನ್ನು ಊರೆಲ್ಲ ನೋಡಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎರಡು ಹುಟ್ಟು ಎಳೆದಾಡಿ ಹರಿಗೋಲು ಗಿರ್ರನೆ ತಿರುಗಿತ್ತು. ಚಲುವಯ್ಯ ಮೇಲೆ ಬಂದಾಗ ಅದು ಹತ್ತು ಮಾರು ಆಚೆ. ಹಿಡಿಯಲು ಅಂಚು ಸಿಗದೆ, ಪಾಪ, ಅವನೇ ಸುಳಿಯ ಪಾಲಾಗುವುದರಲ್ಲಿದ್ದ. ಶ್ರೀರಂಗಪಟ್ಟಣದ ಈ ಮಡುವಿನಲ್ಲಿ ಕಲ್ಲು ಕಟ್ಟಿ ಇಳಿಬಿಟ್ಟರೂ ಹರಿಗೋಲು ನಿಲ್ಲುವುದಿಲ್ಲ, ತಳವೆಲ್ಲ ನುಣ್ಣನೆಯ ಬಂಡೆ. ಮಧ್ಯಾಹ್ನಕ್ಕೆ ಕನ್ನಂಬಾಡಿ ಕಟ್ಟೆಯ ಬಾಗಿಲು ಎತ್ತುತ್ತಾರೆಂದು ತಮಟೆ ಬೇರೆ ಸಾರಿ ಹೋಗಿತ್ತು. ಆಮೇಲೆ ಪುಟ್ಟಗೌರಮ್ಮನ ಹೆಣ ಯಾರ ಕೈಗೂ ಸಿಗುವುದಿಲ್ಲ. ನಿನ್ನೆ ಬಟ್ಟೆ ಒಗೆಯಲು ಬಂದು ಜಾರಿದವಳು ಅವಳು, ಕುಳ್ಳಯ್ಯನ ಹೆಂಡತಿ.

"ತಿರುಗಿ ಗಿರುಗಿ ನೋಡೀಯೆ ಮತ್ತೆ! ಹರಿಗೋಲು ಕದಲುದ್ರೆ ನಾನೂ ಕೊಚ್ಕಂಡೋಯ್ತೀನಿ," ಎಂದ ಚಲುವಯ್ಯ, ಕೊನೆಗೆ ಒಪ್ಪಿ.

"ನೋಡಾಕಿಲ್ಲ. ಮುಳುಗ್ಲಾ."

ಹರಿವ ನೀರಲ್ಲಿ ಹರಿಗೋಲನ್ನು ಒಂದೇ ಕಡೆ ನಿಲ್ಲಿಸುವ ವಿದ್ಯೆ ಕುಳ್ಳಯ್ಯನಿಗೆ ಅಪ್ಪ ಕಲಿಸಿದ್ದು. ನೀರು ನೋಡಿದವನು ನೀರಿನ ಜೊತೆಗೇ ಹೋಗುತ್ತಾನೆ; ದಡ ನೋಡಬೇಕು. ಎದುರಿಗೆ ಬೇವಿನ ಮರವೂ ಅದರ ಹಿಂದಿನ ಗೋಪುರವೂ ಒಂದೇ ಗೆರೆಯಲ್ಲಿರಬೇಕು, ಪಕ್ಕಕ್ಕೆ ಸೇತುವೆಯ ಮೂರನೇ ಕಂಬ ಮಂಟಪದ ಮೂಲೆಗೆ ತಾಗಿರಬೇಕು. ಗೆರೆ ಕೂದಲೆಳೆಯಷ್ಟು ತಪ್ಪಿದರೂ ಒಂದು ಸಣ್ಣ ಎಳೆತ. ಹೆಚ್ಚು ಎಳೆದರೆ ಇನ್ನೊಂದು ಕಡೆಗೆ ತಪ್ಪುತ್ತದೆ.

ಎರಡು ಸಲ ಚಲುವಯ್ಯ ಬರಿಗೈಲಿ ಬಂದ. ಮೂರನೆಯ ಸಲ ತುಂಬಾ ಹೊತ್ತಾಯಿತು. ದಡದಲ್ಲಿ ಹೆಂಗಸರ ಅಳು ಗಪ್ಪನೆ ನಿಂತಿತು. ಸಿಕ್ಕಲಪ್ಪ ದೇವರೇ ಎಂದುಕೊಂಡ ಕುಳ್ಳಯ್ಯ. ಆ ಗಳಿಗೆಯಲ್ಲೇ ಸಿಕ್ಕದಿರಲಿ ಎಂದೂ ಅನ್ನಿಸಿ ತನ್ನ ಮೇಲೇ ಸಿಟ್ಟು ಬಂತು. ಸಿಕ್ಕದಿದ್ದರೆ, ಎಲ್ಲೋ ಕೆಳಗೆ ದಡ ಹತ್ತಿ ಬದುಕಿದ್ದಾಳೆ ಎಂದಾದರೂ ಅಂದುಕೊಳ್ಳಬಹುದಿತ್ತು.

ಬೆನ್ನ ಹಿಂದೆ ನೀರು ಒಡೆಯಿತು. ಹರಿಗೋಲು ವಾಲಿತು. ಅಂಚಿನ ಮೇಲಿಂದ ಭಾರವಾದುದೇನೋ ಒಳಗೆ ಜಾರಿತು, ಬಳೆಗಳ ಸದ್ದಾಯಿತು. ಚಲುವಯ್ಯ ಹತ್ತಿ ಬಂದು ಏದುಸಿರು ಬಿಟ್ಟ. ಕುಳ್ಳಯ್ಯ ಕತ್ತು ತಿರುಗಿಸಲಿಲ್ಲ.

"ಸಿಕ್ಕುದ್ಲು ಕಣಣ್ಣ. ದಡಕ್ಕೆ ಬುಡು."

ಕುಳ್ಳಯ್ಯ ಹೂಂ ಎಂದ. ಕೈ ಮಾತ್ರ ಮೊದಲಿನಂತೆಯೇ ಸಣ್ಣಗೆ ಎಳೆಯುತ್ತಿತ್ತು.

"ಅಣ್ಣೋ, ಆಯ್ತು ಕಣೋ. ಕಟ್ಟೆ ನೀರು ಬಂದ್ಬುಡ್ತದೆ, ನಡಿ!"

"ಇನ್ನೊಂದ್ ಗಳಿಗೆ ಇರ್ಲಿ ಬುಡ್ಲಾ."

ಚಲುವಯ್ಯ ಅವನ ಕೈಯಿಂದ ಹುಟ್ಟು ಬಿಡಿಸಲು ನೋಡಿದ. ಬೆರಳು ಬಿಚ್ಚಲಿಲ್ಲ. ಹರಿಯುವ ಹೊಳೆಯ ನಡುವೆ ಹರಿಗೋಲು ಒಂದಿಷ್ಟೂ ಅಲುಗದೆ ನಿಂತಿತ್ತು.