ಬೆರೀತು ಅಂದಳು

ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಎರಡು ಮಾತುಗಳಿಗೆ ಅಜಗಜಾಂತರ: ಕರಗಿತು, ಬೆರೆಯಿತು. ಸಕ್ಕರೆ ನೀರಲ್ಲಿ ಕರಗುತ್ತದೆ, ಸುಣ್ಣ ಬರೀ ಬೆರೆಯುತ್ತದೆ. ಕರಗಿದ್ದು ರಕ್ತಕ್ಕೆ ಹೋಗಬಹುದು. ಬೆರೆತದ್ದು ಹೋದರೆ ಮುಗಿಯಿತು, ಕಣಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಔಷಧಿ ತಯಾರಿಸುವವಳಿಗೆ ಇದು ಗೊತ್ತಿಲ್ಲದ್ದೇನಲ್ಲ.

ಆದರೆ ಅವತ್ತು ಮೇಲಿನ ವಾರ್ಡಿನಲ್ಲಿ ಮಲಗಿದ್ದವನು ಅವಳ ಅಕ್ಕನ ಮಗ. ಅಕ್ಕನದು ಫೋನಿನ ಮೇಲೆ ಫೋನು. "ಬೇಗ ಕಳ್ಸೇ, ಮೈ ಕೆಂಡ ಆಗಿದೆ!" ಪುಡಿಯ ಸೀಸೆಗೆ ನೀರು ಹಾಕಿ, ಕುಲುಕಿ, ಸಿರಿಂಜಿನಲ್ಲಿ ಎಳೆದು, ಸಲೈನ್ ಬಾಟಲಿಗೆ ಸೇರಿಸಿ, ಆಯಾ ಕೈಲಿ ಕಳಿಸಿದಳು. ಟಾರ್ಚ್ ಬಿಟ್ಟು ನೋಡುವುದು ಮರೆತೇ ಹೋಯಿತು; ಕರಗದ ಕಣ ಇದ್ದರೆ ಬೆಳಕು ನೀರಿನೊಳಗೆ ಗೆರೆಯಾಗಿ ಕಾಣುತ್ತದೆ. ನರ್ಸ್ ಫೋನ್ ಮಾಡಿ "ಕರಗ್ತಾ?" ಅಂದರೆ "ಹ್ಞೂಂ, ಬೆರೀತು" ಅಂದುಬಿಟ್ಟಳು.

ಫೋನ್ ಇಟ್ಟ ಮೇಲೆ ತಾನಂದ ಮಾತು ತನಗೇ ಕೇಳಿಸಿತು: ಬೆರೀತು. ಬಾಯಿಗೆ ಯಾಕೆ ಬಂತು ಹಾಳಾದ್ದು? ಕಣ್ಣಿಗೆ ಏನಾದರೂ ಕಂಡಿತ್ತೇ?

ಸೀಸೆಯ ತಳದಲ್ಲಿ ಕುಲುಕಿದ ಔಷಧಿ ಒಂದಿಷ್ಟು ಉಳಿದಿತ್ತು. ದೀಪ ಆರಿಸಿ, ಮೊದಲು ಬರೀ ಸಲೈನಿಗೆ ಟಾರ್ಚ್ ಬಿಟ್ಟಳು. ಬೆಳಕು ಒಳಗೆ ಕಾಣಲೇ ಇಲ್ಲ. ಸೀಸೆಗೆ ಬಿಟ್ಟಳು. ನೀರಿನೊಳಗೆ ಬೆಳ್ಳಗೆ ಒಂದು ಗೆರೆ ನಿಂತಿತು.

"ಗುಳ್ಳೆ ಕಣೇ, ಕುಲುಕಿದ್ದಕ್ಕೆ ಬಂದಿರೋ ಗುಳ್ಳೆ" ಎಂದು ತನಗೆ ತಾನೇ ಹೇಳಿಕೊಂಡಳು. ಗುಳ್ಳೆಯಾದರೆ ಮೇಲಕ್ಕೆ ಹೋಗುತ್ತದೆ, ಗೆರೆ ಅಳಿಸಿಹೋಗುತ್ತದೆ. ಕಾದಳು. ಕಣಗಳು ಮೇಲೆ ಹೋಗಲಿಲ್ಲ. ಇದ್ದಲ್ಲೇ ತೇಲಿಕೊಂಡಿದ್ದವು.

ಅಯ್ಯೋ ದೇವರೇ! ವಾರ್ಡಿನ ಫೋನ್ ಯಾರೂ ಎತ್ತಲಿಲ್ಲ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದಳು. ಮಗು ನೆಟ್ಟಗೆ ಮಾತು ಕಲಿತಿದ್ದೇ ತನ್ನ ಮಡಿಲಲ್ಲಿ, ಈಗ ತನ್ನ ಕೈಯಾರೆ ಇದಾಗಬೇಕೇ?

ಬಾಗಿಲಿಂದಲೇ ಕಂಡಿತು. ಬಾಟಲಿಯಿಂದ ಟಪ್ ಟಪ್ ಹನಿ ಬೀಳುತ್ತಿತ್ತು. ಹಾರಿಹೋಗಿ ಕೊಳವೆಯ ಚಕ್ರ ತಿರುಗಿಸಿ ನಿಲ್ಲಿಸಿದಳು.

"ಏನೇ ಇದು?" ಅಕ್ಕ ಎದ್ದು ನಿಂತಳು.

"ಕರಗಿಲ್ಲ ಅಕ್ಕಾ. ನಾನು ನೋಡ್ಲಿಲ್ಲ. ನಂದೇ ತಪ್ಪು." ನರ್ಸಿನ ಕಡೆ ತಿರುಗಿದಳು. "ಎಷ್ಟು ಹೋಯ್ತು ಒಳಗೆ?"

"ಒಳಗೆಲ್ಲಿ ಹೋಯ್ತು?" ನರ್ಸ್ ಮಂಚದ ಆಚೆಯಿಂದ ತಟ್ಟೆ ಎತ್ತಿ ತೋರಿಸಿದಳು. ಕೊಳವೆಯ ತುದಿ ಅದರಲ್ಲಿತ್ತು. "ಕೊಳವೇಲಿರೋ ಗಾಳಿ ತೆಗೀತಿದ್ದೆ. ಇನ್ನೂ ಮಗೂಗೆ ಸೇರ್ಸಿಲ್ಲಮ್ಮ."

ಹೋದ ಜೀವ ಬಂದಂತಾಗಿ ಅವಳು ಮಂಚದ ಅಂಚಿಗೆ ಕೂತು ಅತ್ತುಬಿಟ್ಟಳು. ಹುಡುಗ ಕಣ್ಣುಬಿಟ್ಟು "ಚಿಕ್ಕಿ, ಯಾಕೆ ಅಳ್ತೀಯ?" ಅಂದ.

ಹೊಸ ಬಾಟಲಿ ತಯಾರಿಸಿ, ಟಾರ್ಚ್ ಬಿಟ್ಟು, ಕಾದು, ಮತ್ತೆ ನೋಡಿ ತಂದಳು. "ಕರಗಿದೆ ಅಕ್ಕ. ಈಗ ಕರಗಿದೆ."

ಅಕ್ಕ ಕೈ ಚಾಚಿದಳು.

"ಟಾರ್ಚ್ ಕೊಡು. ನಾನೇ ನೋಡ್ತೀನಿ."