ಅರ್ಧ ರಿಂಗು

ಶಿಕಾರಿಪುರದ ರೈತರ ಸಂಘದ ಕಚೇರಿಯಲ್ಲಿ ಒಂದು ಸರ್ವರ್ ಇತ್ತು. ಭತ್ತ ಕಟಾವಿನ ಯಂತ್ರ ಬೇಕಾದವರು ಅದಕ್ಕೊಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಹೆಸರನ್ನು ಸರದಿಗೆ ಸೇರಿಸಿಕೊಂಡು, ತಾನೇ ತಿರುಗಿ ಕರೆ ಮಾಡಿ, ಯಂತ್ರ ಯಾವಾಗ ಬರುತ್ತದೆಂದು ಹೇಳುತ್ತಿತ್ತು. ರೇಣುಕಾಪ್ರಸಾದ್ ಅದನ್ನು ಕಟ್ಟಿದಾಗ ಅವರ ತಲೆಗೂದಲು ಇನ್ನೂ ಕಪ್ಪಾಗಿತ್ತು. ಅದನ್ನು ನಡೆಸಲು ಅಂದು ಹಾಕಿದ ಲಿನಕ್ಸ್ ತಂತ್ರಾಂಶ ಇಂದಿಗೂ ಓಡುತ್ತಿತ್ತು. ಆದರೆ ಆ ಹಳೆಯ ಆವೃತ್ತಿಯಲ್ಲಿ ಕಳ್ಳರು ನುಗ್ಗಬಹುದಾದ ಕಿಂಡಿಯೊಂದು ಪತ್ತೆಯಾಗಿತ್ತು. ಹೊಸ ಆವೃತ್ತಿ ಹಾಕಲು ಸುಗ್ಗಿ ಮುಗಿಯುವ ತನಕ ಕಾಯುವಂತಿರಲಿಲ್ಲ.

"ಮಾಡ್ರಿ ಪ್ರಸಾದಣ್ಣ," ಎಂದ ಸಂಘದ ಅಧ್ಯಕ್ಷ ಕೊಟ್ರೇಶ್. "ಆದ್ರೆ ಒಬ್ಬ ರೈತನ ಸರದಿ ತಪ್ಪಿದ್ರೂ ಈ ಲೈನ್ ಬಂದ್. ಎಲ್ರೂ ಆ್ಯಪಿಗೆ ಹೋಗ್ಲಿ."

"ಹೊಸಬಾಳೆ ಬಸವಣ್ಣೆಮ್ಮನದು ಗುಂಡಿ ಫೋನು. ಅದಕ್ಕೆ ಆ್ಯಪು ಎಲ್ಲಿ ಹಾಕ್ತೀರಿ?"

"ಅದಕ್ಕೇ ತಪ್ಪಿಸ್ಬ್ಯಾಡ್ರಿ ಅಂದಿದ್ದು."

ರೇಣುಕಾಪ್ರಸಾದರೂ ಆನವಟ್ಟಿಯಿಂದ ಬರುವ ಎಂಜಿನಿಯರ್ ಚೈತ್ರಳೂ ಅವಸರ ಮಾಡಲಿಲ್ಲ. ಓಡುತ್ತಿದ್ದ ವ್ಯವಸ್ಥೆಯನ್ನು ಮುಟ್ಟದೆ, ಅದರ ಪೂರ್ಣ ಪ್ರತಿಯನ್ನು ಡಿಸ್ಕಿನ ಇನ್ನೊಂದು ಭಾಗದಲ್ಲಿ ಮಾಡಿ, ಆ ಪ್ರತಿಯನ್ನು ಮಾತ್ರ ಹೊಸ ಆವೃತ್ತಿಗೆ ಏರಿಸಿದರು. ಹೊಸದು ಕೈಕೊಟ್ಟರೆ ಒಂದು ರೀಬೂಟು. ಹಳೆಯದು ಇದ್ದಂತೆಯೇ ಎದ್ದು ನಿಲ್ಲುತ್ತದೆ. ಹೊಸದನ್ನು ಮೊದಲು ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ಇಬ್ಬರೂ ಕರೆ ಮಾಡಿ ಪರೀಕ್ಷಿಸಿದರು. ಎಲ್ಲ ಕರೆಗಳೂ ದಾಖಲಾದವು.

ಊಟದ ಹೊತ್ತು, ಕರೆಗಳು ಕಡಿಮೆ. ಚೈತ್ರ ಸರ್ವರನ್ನು ಹೊಸದಕ್ಕೆ ತಿರುಗಿಸಿದಳು.

"ಎದ್ದಿತು ಸರ್!"

ಊಟದ ಹೊತ್ತು ಮುಗಿಯಿತು. ಪರದೆಯ ಮೇಲೆ ಒಂದು ಹೆಸರೂ ಮೂಡಲಿಲ್ಲ.

"ಏನ್ರೀ, ಊರವರೆಲ್ಲ ಅನ್ನ ಉಣ್ಣೋದು ಬಿಟ್ರೋ?" ಎಂದ ಕೊಟ್ರೇಶ್.

ರೇಣುಕಾಪ್ರಸಾದ್ ಕರೆ ಹಿಡಿಯುವ ಮೋಡೆಮಿನ ದೀಪವನ್ನೇ ನೋಡುತ್ತಿದ್ದರು. ಅದು ಮಿನುಗುತ್ತಿತ್ತು, ಒಡನೆಯೇ ಆರುತ್ತಿತ್ತು. ಆ ಅಳತೆ ಅವರಿಗೆ ಗೊತ್ತಿತ್ತು.

ಮೊಬೈಲ್ ಬಂದ ಹೊಸತರಲ್ಲಿ ಮಾತು ದುಬಾರಿ. ಸೊರಬದಲ್ಲಿ ಕೊನೆಯ ಬಸ್ಸು ಹತ್ತಿದ ಕೂಡಲೇ ಅವರು ಮನೆಗೆ ಅರ್ಧ ರಿಂಗು ಕೊಟ್ಟು ಕಡಿಯುತ್ತಿದ್ದರು. ಹೆಂಡತಿ ವನಜಮ್ಮ ಅನ್ನಕ್ಕಿಡುತ್ತಿದ್ದರು. ರಿಂಗು ಪೂರ್ತಿಯಾದರೆ ಬಸ್ಸು ತಪ್ಪಿದೆಯೆಂದು ಅರ್ಥ. ಒಮ್ಮೆ ವನಜಮ್ಮ ಮರೆತು ಎತ್ತಿಬಿಟ್ಟಾಗ, ಏನು ಮಾತಾಡುವುದೆಂದು ತೋಚದೆ ಇಬ್ಬರೂ ಸುಮ್ಮನೆ ಉಸಿರು ಕೇಳುತ್ತ ನಿಂತಿದ್ದರು. ಈಗ ತಿಂಗಳಿಡೀ ಮಾತಾಡುವ ಪ್ಯಾಕು. ಬೇಕಾದಷ್ಟು ಮಾತಾಡುತ್ತಾರೆ, ಆ ಉಸಿರು ಮಾತ್ರ ಮತ್ತೆ ಕೇಳಿಸಿರಲಿಲ್ಲ.

ಮಿಸ್ಡ್ ಕಾಲಿಗೆಂದೇ ಲೈನ್ ಕಟ್ಟಿದವರು, ಪರೀಕ್ಷೆಯ ಒಂದು ಕರೆಯನ್ನೂ ಅರ್ಧಕ್ಕೆ ಕಡಿದಿರಲಿಲ್ಲ. ಹಳೆಯ ವ್ಯವಸ್ಥೆ ಮೊದಲ ರಿಂಗಿಗೇ ಸಂಖ್ಯೆ ಬರೆದುಕೊಳ್ಳುತ್ತಿತ್ತು. ಹೊಸದು ಎರಡನೆಯ ರಿಂಗಿಗೆ ಕಾಯುತ್ತಿತ್ತು.

"ಕೋಡಿನಲ್ಲಿ ಒಂದೇ ಸಾಲು ಸರ್, ಇಲ್ಲೇ ತಿದ್ತೀನಿ," ಎಂದಳು ಚೈತ್ರ.

"ಬೇಡ. ಓಡೋ ಗಾಡಿ ಚಕ್ರಕ್ಕೆ ಕೈ ಹಾಕ್ಬೇಡ. ಹಳೇದಕ್ಕೆ ತಿರುಗಿಸು."

"ಆದ್ರೆ ಇಷ್ಟೊತ್ತು ಬಂದ ಕರೆ ಹೋದ್ವಲ್ಲ ಸರ್?"

"ತಿರುಗಿ ಫೋನ್ ಬರದಿದ್ರೆ ಮತ್ತೆ ಕೊಡ್ತಾರೆ."

ಹಾಗೆಂದರೇ ಹೊರತು, ಅದು ಆ ಕಾಲದ ರೂಢಿ. ಈಗಿನವರೂ ಅಷ್ಟು ಕಾಯುತ್ತಾರೆಯೇ ಎಂಬುದು ಅವರಿಗೆ ತಿಳಿದಿರಲಿಲ್ಲ.

ಹಳೆಯದು ಎದ್ದಿತು. ಕೊಟ್ರೇಶ್ ಕುರ್ಚಿ ಎಳೆದುಕೊಂಡು ಪರದೆಯ ಮುಂದೆಯೇ ಕುಳಿತ. ದೀಪ ಮಿನುಗಿ ಆರಿತು. ಉಡುತಡಿಯ ಒಂದು ಹೆಸರು ಮೂಡಿತು. ಮತ್ತೊಂದು. ಆಮೇಲೆ ಬಸವಣ್ಣೆಮ್ಮ. ಸರ್ವರ್ ತಿರುಗಿ ಕರೆ ಮಾಡಿ ತನ್ನ ಎಂದಿನ ಮಾತು ಆರಂಭಿಸುವ ಮೊದಲೇ ಸ್ಪೀಕರಿನಲ್ಲಿ ಅವರ ದನಿ ಸಿಡಿಯಿತು:

"ಎಷ್ಟು ಸಲ ಕೊಡೋದು ನಿಂಗೆ? ಎಲ್ಲಿ ಹೋಗಿ ಸತ್ತಿದ್ದೆ?"

ಕೊಟ್ರೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ್ಯಪಿಗೆ ಹಿಂಗ್ ಬೈಯೋಕಾಗ್ತತೇನ್ರೀ? ಆದ್ರೂ ಸಂಜಿ ತನಕ ನೋಡ್ತೀನಿ."

ಸಂಜೆಯವರೆಗೂ ಅವನು ಕದಲಲಿಲ್ಲ. ಬಿಟ್ಟುಹೋದವರೆಲ್ಲ ಒಬ್ಬೊಬ್ಬರಾಗಿ ಮತ್ತೆ ಮಿಸ್ಡ್ ಕಾಲ್ ಕೊಟ್ಟರು. ದೂರು ಹೇಳಿಕೊಂಡು ಯಾರೂ ಬರಲಿಲ್ಲ. "ಇರ್ಲಿ ಬಿಡ್ರಿ ಲೈನು," ಎಂದು ಚಪ್ಪಲಿ ಮೆಟ್ಟಿಕೊಂಡ.

ಚೈತ್ರ ಪರೀಕ್ಷೆಯ ಕಂಪ್ಯೂಟರಿನಲ್ಲಿ ಆ ಸಾಲನ್ನು ತಿದ್ದಿ, ಮೊಬೈಲ್ ಹಿಡಿದು ಕೇಳಿದಳು: "ಯಾವಾಗ ಕಟ್ ಮಾಡ್ಬೇಕು ಸರ್?"

"ಆ ಕಡೆಯವರು ಕೈ ಚಾಚಿರ್ಬೇಕು. ಎತ್ತಿರಬಾರದು."

ಮೊದಲ ಸಲ ತಡವಾಯಿತು. ಮುಂದಿನದು ಸರಿಯಾಯಿತು, ಸಂಖ್ಯೆ ದಾಖಲಾಯಿತು.

ಮರುದಿನ ಊಟದ ಹೊತ್ತಿಗೆ ಹೊಸ ಆವೃತ್ತಿ ಮತ್ತೆ ಏರಿತು. ಬಂದ ಮೊದಲ ಅರ್ಧ ರಿಂಗೇ ಸರದಿಯಲ್ಲಿ ಕುಳಿತಿತು.

"ಹಳೇದನ್ನ ಅಳಿಸ್ಲಾ ಸರ್?"

"ಸುಗ್ಗಿ ಮುಗೀಲಿ," ಎಂದರು ರೇಣುಕಾಪ್ರಸಾದ್.