ಮೂರು ಕಿಂಡಿ

ಮಗುಚಿಟ್ಟ ಬಕೆಟ್ಟಿನ ಮೇಲೆ ಸ್ಪೀಕರನ್ನೂ ಅದರ ಪಕ್ಕದಲ್ಲಿ ಫೋನನ್ನೂ ಇಟ್ಟು ರೋಶನ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹಾಡು ಶುರುವಾಗಿತ್ತು. ಒಂದೂವರೆ ಗಂಟೆಯ ಪಟ್ಟಿ ಅದು: ಮೊದಲು ನಾಲ್ಕು ರೆಗ್ಗೆ, ಆಮೇಲೆ ಹಳೆಯದೊಂದು ಕೊಂಕಣಿ ಮದುವೆ ಹಾಡು, ಆಫ್ರಿಕದ ಗಿಟಾರು, ಚೆಂಡೆ, ಮತ್ತೆ ರೆಗ್ಗೆ. ಗುಳ್ಳಬದನೆಯ ಸಾಲುಗಳ ನಡುವೆ ಬಗ್ಗಿಕೊಂಡೇ ನಡೆದು, ಹೊಳೆಯ ಕಡೆಗೆ ತಲೆ ಕಾಣದ ಹಾಗೆ ತೆಂಗಿನ ಮರಗಳ ಮರೆಯಲ್ಲಿ ಅವನು ಕಿಂಡಿ ಅಣೆಕಟ್ಟಿನತ್ತ ಹೊರಟ. ತನ್ನ ಗದ್ದೆಯಿಂದಲೇ ಕಳ್ಳನ ಹಾಗೆ ಹೊರಬೀಳುವುದಕ್ಕೆ ನಾಚಿಕೆಯಾಯಿತು. ಆದರೂ ಹೋದ.

ಮರೆಯಾಗಬೇಕಾದದ್ದು ಒಬ್ಬಳ ಕಣ್ಣಿಗೆ ಮಾತ್ರ. ಗದ್ದೆಯ ಬದಿಯ ಹೊಳೆಯಲ್ಲಿ ಕುಶಲಕ್ಕ ಸೊಂಟದವರೆಗಿನ ನೀರಿನಲ್ಲಿ ನಿಂತು, ಮುಂಜಾನೆಯ ಇಳಿತದಲ್ಲಿ ಹೆಕ್ಕಿದ ಮರುವಾಯಿ ಚಿಪ್ಪುಗಳನ್ನು ಬುಟ್ಟಿಯಲ್ಲಿ ಅಲುಗಿಸಿ ತೊಳೆಯುತ್ತಿದ್ದಳು. ಎರಡು ಗೋಣಿ ತುಂಬಿ ದಂಡೆಯ ಮೇಲಿತ್ತು, ಮೂರನೆಯದು ಬಾಕಿ. ಹಾಡು ಕೇಳುತ್ತಿದ್ದರೆ ರೋಶನ್ ಗದ್ದೆಯಲ್ಲಿದ್ದಾನೆ ಎಂದು ಈ ಹೊಳೆಬದಿಯ ನಾಯಿಗೂ ಗೊತ್ತು. ಫೋನು ಬಂದರೆ ಹಾಡು ನಿಂತು ಸ್ಪೀಕರಿನಲ್ಲೇ ಗಂಟೆ ಬಾರಿಸುವುದರಿಂದ, ಹೆಂಡತಿ ಸೆಲೀನ್ ದಿನಕ್ಕೆಷ್ಟು ಸಲ ಕರೆಯುತ್ತಾಳೆ ಎಂಬ ಲೆಕ್ಕವೂ ಎಲ್ಲರ ಬಳಿ ಇತ್ತು. 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ' ಎಂದು ಕಾಪುವಿನ ಸಂತೆಯವರೆಗೂ ನಗೆಯಾಡಿದ್ದರು. ಕುಶಲಕ್ಕ ಮಾತ್ರ ನಕ್ಕಿರಲಿಲ್ಲ. ಒಬ್ಬಳೇ ನೀರಿಗಿಳಿಯುವವಳಿಗೆ ದಡದಲ್ಲಿ ಯಾರೋ ಇದ್ದಾರೆಂಬ ಧೈರ್ಯ, ನಿನ್ನ ಆ ಕುಂಟು ತಾಳ ಇರಲಿ ಸಣ್ಣ ಪೊರ್ಬು ಎಂದಿದ್ದಳು. ಊರಿನ ಕ್ರೈಸ್ತ ಯಜಮಾನರನ್ನು ಕರೆಯುವ ಹಾಗೆ ಅವನ ಅಪ್ಪನನ್ನು ಅವಳು ಪೊರ್ಬುಗಳೇ ಎನ್ನುತ್ತಿದ್ದಳು. ಇವನಿಗೆ 'ಸಣ್ಣ' ಸೇರಿಸಿದಷ್ಟು ಮರ್ಯಾದೆ ಸಾಕೆಂದು ತೀರ್ಮಾನಿಸಿದ್ದಳು.

ಆ ಧೈರ್ಯವನ್ನೇ ಇವತ್ತು ಅವನು ಬಕೆಟ್ಟಿನ ಮೇಲೆ ಇಟ್ಟುಬಂದಿದ್ದ.

ಸಂಗತಿ ಸಣ್ಣದಲ್ಲ. ಗುಳ್ಳಕ್ಕೆ ಉಪ್ಪುನೀರು ತಾಗಿದರೆ ಎರಡೇ ದಿನ, ಎಲೆ ಸುಟ್ಟು ಸಸಿ ಕೂರುತ್ತದೆ. ಮರುವಾಯಿಗೆ ಉಪ್ಪುನೀರು ಸಿಗದೆ ಹೋದರೆ ಅದೂ ಹಾಗೆಯೇ. ಅಣೆಕಟ್ಟಿನ ಐದು ಕಿಂಡಿಗಳಿಗೆ ಹಲಗೆ ಇಳಿಸಿದರೆ ಸಮುದ್ರದ ನೀರು ಮೇಲೆ ಬರುವುದು ನಿಲ್ಲುತ್ತದೆ. ಗದ್ದೆ ಉಳಿಯುತ್ತದೆ, ಹೊಳೆಯ ತಳದಲ್ಲಿ ಹುಣಸೆಬೀಜದಷ್ಟಾಗಿರುವ ಮರಿಗಳು ಸಾಯುತ್ತವೆ. ಚೌತಿ ಹಬ್ಬ ಮುಗಿದ ಮರುವಾರ ಹಾಲಿನ ಸೊಸೈಟಿಯ ಜಗಲಿಯಲ್ಲಿ ಗದ್ದೆಯವರೂ ಮರುವಾಯಿಯವರೂ ಕೂತು, ದೀಪಾವಳಿಯ ಅಮಾವಾಸ್ಯೆ ಕಳೆಯದೆ ಹಲಗೆ ಹಾಕುವುದಿಲ್ಲವೆಂದು ಒಪ್ಪಿಕೊಂಡಿದ್ದರು. ಮೊದಲು ಕೈ ಎತ್ತಿದವನು ಇದೇ ರೋಶನ್. ಆಮೇಲೆ ಮಳೆ ಬೇಗ ಬಿಟ್ಟಿತು, ಇವನಿಗೆ ತಡೆಯಲಾಗಲಿಲ್ಲ, ಎಲ್ಲರಿಗಿಂತ ಮೂರು ವಾರ ಮೊದಲೇ ಎಂಟುನೂರು ಸಸಿ ನೆಟ್ಟುಬಿಟ್ಟ. ಇವತ್ತು ಹುಣ್ಣಿಮೆ. ಹನ್ನೊಂದೂವರೆಗೆ ತಿಂಗಳ ದೊಡ್ಡ ಉಬ್ಬರ. ಗದ್ದೆಯ ದಂಡೆಯೋ, ಮಳೆಗಾಲವಿಡೀ ಏಡಿ ಕೊರೆದು ಜರಡಿಯಾಗಿತ್ತು.

ಇದು ಅವನ ಮೂರನೆಯ ವರ್ಷ. ಮೊದಲ ವರ್ಷದ ಗುಳ್ಳ ಸೊರಗು ರೋಗಕ್ಕೆ ಹೋಯಿತು, ಎರಡನೆಯದನ್ನು ನವಿಲುಗಳು ಮುಗಿಸಿದವು. ಇದೂ ಹೋದರೆ ಮತ್ತೆ ಹಡಗಿಗೆ ಎಂದು ಸೆಲೀನ್‌ಗೆ ಮಾತು ಕೊಟ್ಟಿದ್ದ. ಏಜೆಂಟನ ಕಾಗದ ಮನೆಯ ಕಪಾಟಿನಲ್ಲಿತ್ತು. ಕೆರಿಬಿಯನ್ ದ್ವೀಪಗಳ ನಡುವೆ ಓಡಾಡುವ ಹಡಗಿನ ಲಾಂಡ್ರಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಹನ್ನೆರಡು ವರ್ಷ ಪರರ ಚಾದರ ಒಗೆದಿದ್ದ. ಜೊತೆಗಾರ ಜಮೈಕದವನು ಕಲಿಸಿದ ಈ ಹಾಡುಗಳಿಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು. ಆ ಕೋಣೆಗೆ ಮರಳುವುದೆಂದರೆ ಅವನಿಗೆ ಹೆದರಿಕೆ. ಬರೀ ಹೆದರಿಕೆ, ಅದಕ್ಕೆ ಬೇರೆ ಹೆಸರಿಲ್ಲ.

ಅಣೆಕಟ್ಟು ಹೊಳೆಯ ತಿರುವಿನಾಚೆ, ಕಾಂಡ್ಲ ಗಿಡಗಳ ಮರೆಯಲ್ಲಿತ್ತು. ಹಲಗೆಗಳು ಟಾರ್ಪಾಲಿನಡಿ ಪೇರಿಸಿದ್ದವು, ಕಿಂಡಿಯೊಂದಕ್ಕೆ ನಾಲ್ಕರಂತೆ. ಊರವರು ಹಲಗೆ ಹಾಕುವುದು ಇಪ್ಪತ್ತು ಜನ ಸೇರಿ, ನೀರು ಪೂರ್ತಿ ಇಳಿದು ನಿಂತ ಹೊತ್ತಿನಲ್ಲಿ, ಎರಡೂ ದಡದಿಂದ ಒಟ್ಟಿಗೆ. ಏರುವ ನೀರಿಗೆ ಯಾರೂ ಹಲಗೆ ಹಾಕುವುದಿಲ್ಲ. ಹಡಗಿನ ಆ ವರ್ಷಗಳಲ್ಲೆಲ್ಲ ರೋಶನ್ ನೀರಿನ ಮೇಲೆಯೇ ಇದ್ದ, ನೀರಿನ ಗುಣ ಮಾತ್ರ ಕಲಿಯಲಿಲ್ಲ. ದಾರಿಹೋಕರ ಕಣ್ಣಿಗೆ ಬೀಳದಿರಲೆಂದು ಅವನು ಆಚೆ ದಡದಿಂದ ಶುರುಮಾಡಿದ.

ಕೊಕ್ಕೆಗೆ ಹಗ್ಗ ಕಟ್ಟಿ ಒಂದೊಂದೇ ಇಳಿಸಿದ. ನೀರು ಹಲಗೆಯನ್ನು ಕಂಬದ ಕಚ್ಚಿಗೆ ಒತ್ತಿ ಹಿಡಿಯುತ್ತಿತ್ತು, ಅವನು ಮೇಲೆ ನಿಂತು ತುಳಿದು ಕೂರಿಸುತ್ತಿದ್ದ. ಅಂಗೈ ಸುಲಿಯಿತು. ತಿರುವಿನಾಚೆಯಿಂದ ಹಾಡು ಬರುತ್ತಲೇ ಇತ್ತು. ಅದು ಕೇಳುವಷ್ಟು ಹೊತ್ತು ತಾನು ಗದ್ದೆಯಲ್ಲಿದ್ದೇನೆ ಎಂದು ಅವನಿಗೇ ಅರ್ಧ ನಂಬಿಕೆ ಬರತೊಡಗಿತ್ತು. ಹತ್ತೂಕಾಲಕ್ಕೆ ಮೂರನೆಯ ಕಿಂಡಿ ಮುಚ್ಚಿತು. ಗದ್ದೆಯ ಬದಿಗೆ ಉಳಿದ ಎರಡರಲ್ಲಿ ನೀರು ಗುಡುಗುತ್ತ ನುಗ್ಗುತ್ತಿತ್ತು. ಅದು ಎತ್ತ ಹೋಗಿ ಬಡಿಯುತ್ತಿದೆ ಎಂದು ಅವನು ನೋಡಲಿಲ್ಲ.

ಆಗ ಹಾಡು ನಿಂತಿತು.

ನಿಂತು, ಗದ್ದೆಯಲ್ಲಿ ಫೋನಿನ ಗಂಟೆ ಬಾರಿಸಿತು. ರೋಶನ್ ಹಲಗೆ ಹಿಡಿದಲ್ಲೇ ನಿಂತ. ಎತ್ತುವವರಿಲ್ಲದೆ ಗಂಟೆ ಪೂರ್ತಿ ಬಾರಿಸಿ ಸುಮ್ಮನಾಯಿತು, ಬಿಟ್ಟಲ್ಲಿಂದಲೇ ಹಾಡು ಮುಂದುವರಿಯಿತು. ಅರ್ಧ ನಿಮಿಷ. ಮತ್ತೆ ಗಂಟೆ.

ಸೆಲೀನ್ ಮಣಿಪಾಲದಲ್ಲಿ ಬೆಳಗಿನ ಪಾಳಿಯಲ್ಲಿದ್ದಳು, ಎರಡು ಗಂಟೆಯವರೆಗೆ ಫೋನು ಮುಟ್ಟುವವಳಲ್ಲ. ಬೇರೆ ಯಾರು ಇಷ್ಟು ಬಿಡದೆ ಕರೆಯುತ್ತಾರೆ? ಕೇಳಿಕೊಂಡದ್ದೇ ತಡ, ಉತ್ತರ ಗೊತ್ತಾಯಿತು. ಸೊಂಟದ ಚೀಲದಲ್ಲಿ ಪ್ಲಾಸ್ಟಿಕ್ಕಿಗೆ ಸುತ್ತಿದ ಫೋನು ಇಟ್ಟುಕೊಂಡು ನೀರಿಗಿಳಿಯುವವಳು ಈ ಹೊಳೆಯಲ್ಲಿ ಒಬ್ಬಳೇ. ಅವಳು ಮುಳುಗುತ್ತಿರಬಹುದು. ಅಥವಾ ತನ್ನನ್ನು ಪರೀಕ್ಷಿಸುತ್ತಿರಬಹುದು. ಇನ್ನು ಎರಡೇ ಕಿಂಡಿ, ಅರ್ಧ ಗಂಟೆಯ ಕೆಲಸ. ಮೂರನೆಯ ಸಲ ಗಂಟೆ ಬಾರಿಸುತ್ತಿದ್ದಾಗ ಅವನು, ಹೇಳಲಿಕ್ಕೆ ಬೇಸರವಾಗುತ್ತದೆ, ಮುಂದಿನ ಹಲಗೆಗೆ ಕೊಕ್ಕೆ ಸಿಕ್ಕಿಸಿದ.

ನಾಲ್ಕನೆಯ ಸಲಕ್ಕೆ ಹಲಗೆ ಕೈಬಿಟ್ಟು ಓಡಿದ.

ತಿರುವು ದಾಟುತ್ತಲೇ ಕಂಡಿತು. ಎರಡು ಕಿಂಡಿಗಳಿಂದ ನುಗ್ಗಿದ ನೀರು ನೆಟ್ಟಗೆ ಬಂದು ಅವನ ದಂಡೆಗೇ ಬಡಿಯುತ್ತಿತ್ತು. ದಂಡೆ ಒಂದು ಮಾರಿನಷ್ಟು ಕುಸಿದಿತ್ತು. ಆ ಬಾಯಿಯಲ್ಲಿ ಮರುವಾಯಿಯ ಮೂರು ಗೋಣಿಗಳನ್ನು ತುರುಕಿ, ಅವುಗಳ ಮೇಲೆ, ಹೊಳೆಗೆ ಬೆನ್ನು ಕೊಟ್ಟು ಕುಶಲಕ್ಕ ಕೂತಿದ್ದಳು. ಒಂದು ಕೈಯಲ್ಲಿ ಫೋನನ್ನು ನೀರು ತಾಗದಂತೆ ಮೇಲೆತ್ತಿ ಹಿಡಿದಿದ್ದಳು. ಗೋಣಿಗಳ ಸಂದಿಯಿಂದ ಸೋರಿದ ನೀರು ಮೊದಲ ಸಾಲಿನ ಬುಡದವರೆಗೆ ಬಂದು ನಿಂತಿತ್ತು. ಬಕೆಟ್ಟಿನ ಮೇಲೆ ಹಾಡು ಹಾಯಾಗಿ ನಡೆದಿತ್ತು.

ಎಲ್ಲಿದ್ದೆ ಎಂದು ಅವಳು ಕೇಳಲಿಲ್ಲ. ಅವನ ಸುಲಿದ ಅಂಗೈಯನ್ನು, ಎದೆಯವರೆಗೆ ಒದ್ದೆಯಾದ ಅಂಗಿಯನ್ನು ನೋಡಿದಳು.

"ಈ ಬದಿಗೆ ನೀರು ಹೀಗೆ ಬರುವುದಲ್ಲ," ಎಂದಳು. "ಎಷ್ಟು ಕಿಂಡಿ ಹಾಕಿದ್ದು?"

ರೋಶನ್‌ಗೆ ಸುಳ್ಳು ಬಾಯಿಯವರೆಗೆ ಬಂತು. ಅವಳು ಕೂತದ್ದು ತನ್ನ ಇಡೀ ಬೆಳಗಿನ ದುಡಿಮೆಯ ಮೇಲೆ.

"ಮೂರು."

ಅವಳು ಸೋರುವ ಸಂದಿಯೊಂದಕ್ಕೆ ಅಂಗೈ ಒತ್ತಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಹಾರೆ ತಂದು ಕೆಸರು ಕಡಿದ, ತೆಂಗಿನ ಸಿಪ್ಪೆ ರಾಶಿಯಿಂದ ಬಾಚಿ ತಂದು ಸಂದಿಗಳಿಗೆ ತುಂಬಿದ, ಅವಳು ಕೂತಲ್ಲಿಂದಲೇ ಕೈಯಲ್ಲಿ ಮೆತ್ತಿದಳು. ಒಂದು ಗೋಣಿಯ ಹೊಲಿಗೆ ಬಿಟ್ಟು ಮರುವಾಯಿಗಳು ಒಂದೊಂದಾಗಿ ಹೊಳೆಗೆ ಜಾರುತ್ತಿದ್ದವು. ಅವನು ಹಿಡಿಯಹೋದ. ಬಿಡು, ಅವು ಬದುಕುತ್ತವೆ ಎಂದಳು, ಮತ್ತೆ ಅವನ ಮುಖ ನೋಡದೆ, ನೀರು ಉಪ್ಪಾಗಿದ್ದರೆ ಎಂದು ಸೇರಿಸಿದಳು.

ಅವನು ಹಾರೆ ಕೆಳಗಿಟ್ಟ. ಕಿಂಡಿ ತೆಗೆದರೆ ರಭಸ ತಗ್ಗುತ್ತದೆ, ಆದರೆ ಉಬ್ಬರವಿಡೀ ಒಳಗೆ ಬರುತ್ತದೆ. ಹಸಿಮಣ್ಣಿನ ಈ ದಂಡೆ ಅದನ್ನು ತಡೆಯುತ್ತದೋ ಇಲ್ಲವೋ ದೇವರಿಗೇ ಗೊತ್ತು. ಎಂಟುನೂರು ಸಸಿಗಳು ಒಂದೇ ಎತ್ತರಕ್ಕೆ, ಗೇಣಿಗಿಂತ ಸ್ವಲ್ಪ ಹೆಚ್ಚಿಗೆ, ನಿಂತಿದ್ದವು.

"ಇನ್ನೂ ಒಂದು ಮೊಳ ಏರಲಿಕ್ಕುಂಟು," ಎಂದಳು ಕುಶಲಕ್ಕ. "ನಾನು ಏಳುವುದಿಲ್ಲ. ಹೋಗಿ ಬಾ."

ಅವನು ಹೊರಟ.

"ಪೊರ್ಬು," ಎಂದು ಕರೆದಳು. ಬಕೆಟ್ಟಿನ ಕಡೆ ಗಲ್ಲ ತೋರಿಸಿದಳು. "ಅದನ್ನೂ ತಕ್ಕೊಂಡು ಹೋಗು."

ರೋಶನ್ ಫೋನನ್ನು ಕಿಸೆಗೆ ಹಾಕಿಕೊಂಡ. ಸ್ಪೀಕರಿನ ಪಟ್ಟಿಯನ್ನು ಹೆಗಲಿಗೇರಿಸಿ, ಈ ಸಲ ಬಗ್ಗದೆ, ದಂಡೆಯ ಮೇಲೆಯೇ ನಡೆದುಹೋದ.

ಕುಶಲಕ್ಕ ಹಿಂತಿರುಗಿ ನೋಡಲಿಲ್ಲ, ತಿರುಗಿದರೆ ಗೋಣಿ ಸರಿಯುತ್ತಿತ್ತು. ಹಾಡು ತೆಂಗಿನ ಮರಗಳನ್ನು ದಾಟಿತು, ತಿರುವು ದಾಟಿತು, ಅಣೆಕಟ್ಟಿನ ಬಳಿ ತಲುಪಿ ಅಲ್ಲಿಂದಲೇ ಕೇಳತೊಡಗಿತು. ಸ್ವಲ್ಪ ಹೊತ್ತಿಗೆ ಒದ್ದೆ ಹಲಗೆಯೊಂದು ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಇನ್ನೊಂದು. ಕಿಂಡಿಗೆ ನಾಲ್ಕು, ಮೂರು ಕಿಂಡಿಗೆ ಹನ್ನೆರಡು. ಬೆನ್ನಿನ ಮೇಲೆ ನೀರು ತಣ್ಣಗೆ ಏರುತ್ತಿತ್ತು. ಅವಳು ಕೆಸರುಗೈಯ ಬೆರಳು ಮಡಚುತ್ತ ಎಣಿಸತೊಡಗಿದಳು.